ಥಲಸ್ಸೇಮಿಯಾ, ಹಿಮೋಫಿಲಿಯಾ: ಕೈಯಲ್ಲಿರುವ ಚಿಕಿತ್ಸೆಯೋ, ಬರಲಿರುವ ಚಿಕಿತ್ಸೆಯೋ?

ಜಮಖಂಡಿ, ಇಂಡಿ, ರಾಯಬಾಗ, ಸವದತ್ತಿ ಕಡೆಯ ಹಳ್ಳಿಗಳಿಂದ ಮೂರು ವಾರಕ್ಕೊಮ್ಮೆ ಮಗುವಿಗೆ ರಕ್ತ ಹಾಕಿಸಲು ಬರುವ ತಂದೆತಾಯಿಗಳು ಈಚೆಗೆ ಮೊಬೈಲಿನಲ್ಲಿ ಬಂದ ಸುದ್ದಿಯನ್ನು ತೋರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಜೀನ್ ಚಿಕಿತ್ಸೆ ಬಂದಿದೆಯಂತೆ, ಅದು ನಮ್ಮ ತನಕ ಬರಲಿ ಎಂದು ಕಾಯೋಣವೇ, ಇಲ್ಲ ಈಗ ಇರುವುದನ್ನೇ ಮಾಡಿಸೋಣವೇ? ಬಾಗಲಕೋಟೆಯಲ್ಲಿ ರಕ್ತದಾನಿಗಳನ್ನು ಹೊಂದಿಸುವ ಕೆಲಸದಲ್ಲಿ ಹಲವು ವರ್ಷ ಕಳೆದ, ಹಿಮೋಫಿಲಿಯಾ ಇರುವ ಅಕ್ಕನ ಮಗನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗಳಿಗೆ ಅಲೆದ ನನಗೆ ಇದಕ್ಕೆ ಒಂದೇ ಮಾತಿನ ಉತ್ತರ ಸಿಕ್ಕಿಲ್ಲ. ಆದರೆ ಆಯ್ಕೆಗಳನ್ನು ತೂಗಿ ನೋಡಲು ಎರಡು ಪ್ರಶ್ನೆಗಳು ಸಿಕ್ಕಿವೆ. ಈ ಚಿಕಿತ್ಸೆಯನ್ನು ನಮ್ಮೂರಿನಲ್ಲಿ ಇದ್ದುಕೊಂಡು ತಪ್ಪದೆ ನಡೆಸಿಕೊಂಡು ಹೋಗಲು ಆಗುತ್ತದೆಯೇ ಎಂಬುದು ಮೊದಲನೆಯದು. ಇದನ್ನು ಮಾಡಿದರೆ ಅಥವಾ ಮಾಡದೆ ಬಿಟ್ಟರೆ ಮುಂದೆ ಯಾವ ಬಾಗಿಲು ಮುಚ್ಚಿಹೋಗುತ್ತದೆ ಎಂಬುದು ಎರಡನೆಯದು. ನನ್ನ ಅನುಭವದಲ್ಲಿ ಎರಡನೆಯದನ್ನು ಯಾರೂ ಕೇಳುವುದಿಲ್ಲ, ಕೇಳುವ ಹೊತ್ತಿಗೆ ಮಗುವಿಗೆ ಹತ್ತು ವರ್ಷವಾಗಿರುತ್ತದೆ.

ಎರಡೂ ರೋಗಗಳು ರಕ್ತದವೇ ಆದರೂ ಅವು ಬರುವ ದಾರಿ ಬೇರೆ ಬೇರೆ. ಬೀಟಾ ಥಲಸ್ಸೇಮಿಯಾದಲ್ಲಿ 11ನೇ ವರ್ಣತಂತುವಿನ ಮೇಲಿರುವ ಹಿಮೋಗ್ಲೋಬಿನ್ನಿನ ಜೀನ್ ಕೆಟ್ಟಿರುವುದರಿಂದ ಮಗುವಿನ ದೇಹ ಸಾಕಷ್ಟು ರಕ್ತ ತಯಾರಿಸಲಾರದು. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ರೋಗವಿಲ್ಲದೆ ಕೆಟ್ಟ ಜೀನನ್ನು ಹೊತ್ತಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಇನ್ನೂ ಗಟ್ಟಿಯಾಗಿರುವುದರಿಂದ, ಒಂದೇ ಮನೆತನದ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಇಲ್ಲಿ ಹೆಚ್ಚು. ರಕ್ತ ಸರಿಯಾಗಿ ಹೆಪ್ಪುಗಟ್ಟದ, ಕನ್ನಡದಲ್ಲಿ ಕುಸುಮರೋಗವೆಂದು ಕರೆಯುವ ಹಿಮೋಫಿಲಿಯಾ ಹಾಗಲ್ಲ. ಅದರ ಜೀನ್ ಎಕ್ಸ್ ವರ್ಣತಂತುವಿನ ಮೇಲಿದ್ದು, ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಅಲ್ಲಿ ಗಂಡುಮಗುವಿಗೆ ರೋಗ ಬರಲು ರಕ್ತಸಂಬಂಧದ ಮದುವೆ ಕಾರಣವಲ್ಲ, ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಂತೂ ಕುಟುಂಬದಲ್ಲಿ ಮೊದಲು ಯಾರಿಗೂ ರೋಗ ಇದ್ದಿರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಸೊಸೆಯೊಬ್ಬಳ ಮೇಲೆಯೇ ತಪ್ಪು ಹೊರಿಸುವುದನ್ನು ಕಂಡಿದ್ದೇನೆ, ಅದು ಅನ್ಯಾಯ.

ಥಲಸ್ಸೇಮಿಯಾ: ರಕ್ತಪೂರಣವೋ, ಅಸ್ಥಿಮಜ್ಜೆ ಕಸಿಯೋ

ಥಲಸ್ಸೇಮಿಯಾದ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಇರುವ ಮಗುವಿನ ಮುಂದೆ ಇಂದು ನಿಜವಾಗಿ ಇರುವ ದಾರಿಗಳು ಎರಡು. ಜೀವನಪೂರ್ತಿ ರಕ್ತಪೂರಣ ಮತ್ತು ಅದರ ಜೊತೆಗೆ ಕಬ್ಬಿಣ ಇಳಿಸುವ ಔಷಧಿ ಒಂದು. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿ ಇನ್ನೊಂದು. ಮೊದಲನೆಯದನ್ನು ಕೆಳದರ್ಜೆಯ ಚಿಕಿತ್ಸೆ ಎಂದು ತಿಳಿಯಬಾರದು, ಏಕೆಂದರೆ ಸರಿಯಾಗಿ ನಡೆಸಿದರೆ ಅದರಿಂದಲೇ ಮಕ್ಕಳು ಓದಿ, ದುಡಿದು, ಮದುವೆಯಾಗಿ ಬದುಕುತ್ತಾರೆ. ಸರಿಯಾಗಿ ಎಂದರೆ, ಮುಖ ಬಿಳಿಚಿದ ಮೇಲೆ ಆಸ್ಪತ್ರೆಗೆ ಓಡುವುದಲ್ಲ. ರಕ್ತ ಹಾಕುವ ಮುನ್ನ ಹಿಮೋಗ್ಲೋಬಿನ್ 9.5ರಿಂದ 10.5ರ ಆಸುಪಾಸಿನಲ್ಲಿ ಉಳಿಯುವಂತೆ ದಿನಾಂಕ ಗೊತ್ತುಮಾಡಿಕೊಂಡು ಬರುವುದು. ಆರಕ್ಕೋ ಏಳಕ್ಕೋ ಇಳಿಯಲು ಬಿಟ್ಟರೆ ಮಗುವಿನ ಮಜ್ಜೆ ವ್ಯರ್ಥವಾಗಿ ದುಡಿದು ಮುಖದ ಮೂಳೆಗಳು ಅಗಲವಾಗುತ್ತವೆ, ಗುಲ್ಮ ಊದಿಕೊಳ್ಳುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ.

ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಸಂಸ್ಥೆಯ ಆಸ್ಪತ್ರೆ, ಬಾಗಲಕೋಟೆಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಆಸ್ಪತ್ರೆ, ಹೀಗೆ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿರುವುದರಿಂದ ರಕ್ತಪೂರಣಕ್ಕಾಗಿ ಬೆಂಗಳೂರಿಗೋ ಪುಣೆಗೋ ಹೋಗಬೇಕಾಗಿಲ್ಲ. ಎಲ್ಲಿಗೆ ಹೋದರೂ ಮೂರು ವಿಷಯಗಳನ್ನು ವಿಚಾರಿಸಿ: ಬಿಳಿರಕ್ತಕಣಗಳನ್ನು ಸೋಸಿದ ಕೆಂಪುಕಣಗಳನ್ನು ಕೊಡುತ್ತಾರೆಯೇ, ಮೊದಲ ರಕ್ತಪೂರಣಕ್ಕೂ ಮುನ್ನ ಮಗುವಿನ ವಿಸ್ತೃತ ರಕ್ತಗುಂಪನ್ನು (ಎ, ಬಿ, ಒ ಅಷ್ಟೇ ಅಲ್ಲದೆ ಉಪಗುಂಪುಗಳನ್ನೂ) ಪರೀಕ್ಷಿಸಿ ದಾಖಲಿಸುತ್ತಾರೆಯೇ, ದಾನಿಯ ರಕ್ತಕ್ಕೆ ಯಾವ ಯಾವ ಸೋಂಕು ಪರೀಕ್ಷೆ ಮಾಡುತ್ತಾರೆ. ಮೊದಲ ರಕ್ತಪೂರಣ ಆದ ಮೇಲೆ ದಾನಿಯ ಕಣಗಳು ಮಗುವಿನ ರಕ್ತದಲ್ಲಿ ಬೆರೆತಿರುವುದರಿಂದ ಆ ಗುಂಪಿನ ಪರೀಕ್ಷೆ ಕಷ್ಟವಾಗುತ್ತದೆ. ತಪ್ಪಿದರೆ ಮತ್ತೆ ಸಿಗುವುದು ದುರ್ಲಭವಾದ ಮೊದಲ ಬಾಗಿಲು ಇದೇ.

ರಕ್ತಪೂರಣಕ್ಕಿಂತ ಹೆಚ್ಚಿನ ಮನೆಗಳು ಸೋಲುವುದು ಕಬ್ಬಿಣದ ವಿಷಯದಲ್ಲಿ. ಒಂದು ಚೀಲ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಶೇಖರವಾಗುತ್ತದೆ. ಹತ್ತಿಪ್ಪತ್ತು ಬಾರಿ ರಕ್ತ ಹಾಕಿದ ಮೇಲೆ, ಇಲ್ಲವೇ ದೇಹದಲ್ಲಿ ಶೇಖರವಾದ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಅಂಕಿ 1000 ದಾಟಿದಾಗ, ಕಬ್ಬಿಣ ಇಳಿಸುವ ಔಷಧಿ ಆರಂಭವಾಗಬೇಕು. ಬಂಧುಗಳು ಪ್ರೀತಿಯಿಂದ ಹೇಳುವ ಬೆಲ್ಲ, ಖರ್ಜೂರ, ಕಬ್ಬಿಣದ ಟಾನಿಕ್ಕು ಈ ಮಗುವಿಗೆ ಸಲ್ಲದು. ಟಾನಿಕ್ಕನ್ನಂತೂ ಮನೆಯಲ್ಲಿಯೇ ಇಡಬೇಡಿ.

ಮೂರು ಔಷಧಿಗಳಲ್ಲಿ ಹಳೆಯದು ಡೆಫೆರೋಕ್ಸಮೈನ್. ಅದನ್ನು ಸಣ್ಣ ಪಂಪಿನ ಮೂಲಕ ಚರ್ಮದಡಿಗೆ ರಾತ್ರಿ 8ರಿಂದ 12 ಗಂಟೆಗಳ ಕಾಲ, ವಾರಕ್ಕೆ ಐದಾರು ರಾತ್ರಿ ಹರಿಸಬೇಕು. ಅದು ಪರಿಣಾಮಕಾರಿ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಊರೂರು ಅಲೆಯುವ ಕುಟುಂಬಕ್ಕೆ, ಒಂದೇ ಕೋಣೆಯ ಮನೆಯಲ್ಲಿ ಐದು ಜನ ಮಲಗುವಲ್ಲಿ, ಅದು ಎರಡು ತಿಂಗಳಿಗಿಂತ ಹೆಚ್ಚು ನಡೆದದ್ದನ್ನು ನಾನು ನೋಡಿಲ್ಲ. ಡೆಫೆರಿಪ್ರೋನ್ ದಿನಕ್ಕೆ ಮೂರು ಸಲ ನುಂಗುವ ಮಾತ್ರೆ. ಹೃದಯದಲ್ಲಿ ಸೇರಿದ ಕಬ್ಬಿಣವನ್ನು ತೆಗೆಯುವಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಆದರೆ ನೂರರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ಬಿಳಿರಕ್ತಕಣಗಳು ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ ರಕ್ತಕಣಗಳ ಎಣಿಕೆಯನ್ನು ಪದೇ ಪದೇ, ಆರಂಭದಲ್ಲಿ ವಾರಕ್ಕೊಮ್ಮೆ, ಮಾಡಿಸಬೇಕು; ಜ್ವರ, ಗಂಟಲುನೋವು ಬಂದರೆ ಆ ದಿನವೇ ಮಾತ್ರೆ ನಿಲ್ಲಿಸಿ ಪರೀಕ್ಷೆಗೆ ಓಡಬೇಕು. ಮೂತ್ರ ಕೆಂಪಾಗುವುದು ಮಾತ್ರ ಹೆದರುವ ಸಂಗತಿಯಲ್ಲ.

ದಿನಕ್ಕೆ ಒಂದೇ ಸಲ ಸಾಕಾಗುವ ಡೆಫೆರಾಸಿರಾಕ್ಸ್ ಹಳ್ಳಿಯ ಮನೆಗೆ ಹೆಚ್ಚು ಒಗ್ಗುತ್ತದೆ. ಅದಕ್ಕೆ ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ತಿಂಗಳಿಗೊಮ್ಮೆ ಆಗಬೇಕು, ಮಗುವಿಗೆ ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದಾಗ ವೈದ್ಯರನ್ನು ಕೇಳಿ ನಿಲ್ಲಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ನೀರಿನಲ್ಲಿ ಕರಗಿಸುವ ಮಾತ್ರೆಗೂ ನುಂಗುವ ಲೇಪಿತ ಮಾತ್ರೆಗೂ ಪ್ರಮಾಣ ಒಂದೇ ಅಲ್ಲ; ಕರಗಿಸುವುದರಲ್ಲಿ ಕಿಲೋ ತೂಕಕ್ಕೆ 20ರಿಂದ 40 ಮಿಲಿಗ್ರಾಂ ಇದ್ದರೆ, ಲೇಪಿತದಲ್ಲಿ 14ರಿಂದ 28 ಸಾಕು. ಅಂಗಡಿಯವರು ಕಂಪನಿ ಬದಲಿಸಿ ಕೊಟ್ಟಾಗ ಇದನ್ನು ನೋಡದೆ ನುಂಗಿಸಿದರೆ ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚೋ ಕಡಿಮೆಯೋ ಹೋಗುತ್ತದೆ. ಯಾವ ಔಷಧಿಯಾದರೂ ಫೆರಿಟಿನ್ ಒಂದನ್ನೇ ನಂಬಬೇಡಿ. ಮಗು ದೊಡ್ಡದಾದ ಮೇಲೆ ಹೃದಯದ ಟಿ2 ಸ್ಟಾರ್ ಎಂಆರ್‌ಐ ಮಾಡಿಸಿ. ಅದರಲ್ಲಿ 20 ಮಿಲಿಸೆಕೆಂಡಿಗಿಂತ ಕಡಿಮೆ ಬಂದರೆ ಹೃದಯಕ್ಕೆ ಕಬ್ಬಿಣ ಸೇರಿದೆ ಎಂದೂ, 10ಕ್ಕಿಂತ ಕಡಿಮೆ ಬಂದರೆ ತಡಮಾಡುವಂತಿಲ್ಲವೆಂದೂ ಅರ್ಥ.

ಇನ್ನು ಕಸಿ. ಭಾರತದಲ್ಲಿ ಥಲಸ್ಸೇಮಿಯಾಕ್ಕೆ ಅಸ್ಥಿಮಜ್ಜೆ ಕಸಿ ಆರಂಭವಾದದ್ದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ, 1986ರಲ್ಲಿ. ಆದ್ದರಿಂದ ಇದು ಪ್ರಯೋಗವಲ್ಲ, ಸುಮಾರು ನಾಲ್ಕು ದಶಕಗಳ ಅನುಭವವಿರುವ ಚಿಕಿತ್ಸೆ. ಒಡಹುಟ್ಟಿದವರಲ್ಲಿ ಕಸಿಗೆ ಹೊಂದಬೇಕಾದ ಅಂಗಾಂಶದ ಗುರುತುಗಳು, ಅಂದರೆ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಅಣ್ಣನೋ ತಂಗಿಯೋ ಥಲಸ್ಸೇಮಿಯಾದ ವಾಹಕರಾಗಿದ್ದರೂ ದಾನ ಮಾಡಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ. ಯಕೃತ್ತು ದಪ್ಪವಾಗಿರದ, ನಾರುಗಟ್ಟಿರದ, ಕಬ್ಬಿಣ ಇಳಿಸುವ ಔಷಧಿಯನ್ನು ತಪ್ಪದೆ ತೆಗೆದುಕೊಂಡ ಚಿಕ್ಕ ಮಕ್ಕಳಲ್ಲಿ, ಹೊಂದುವ ಒಡಹುಟ್ಟು ಇದ್ದಾಗ, ಅನುಭವಿ ಕೇಂದ್ರಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ರಕ್ತಪೂರಣದಿಂದ ಬಿಡುಗಡೆ ಹೊಂದುತ್ತಾರೆ. ಈ ಮೂರು ಅಂಶಗಳನ್ನೇ ಇಟ್ಟುಕೊಂಡು ಇಟಲಿಯ ಪೆಸಾರೋದಲ್ಲಿ ಮಕ್ಕಳನ್ನು ಅಪಾಯದ ಮೂರು ವರ್ಗಗಳಾಗಿ ವಿಂಗಡಿಸಿದರು. ಇಂದು ಕಬ್ಬಿಣ ಇಳಿಸುವ ಮಾತ್ರೆಯಲ್ಲಿ ತೋರುವ ಅಸಡ್ಡೆ ನಾಳೆ ಕಸಿಯ ಬಾಗಿಲನ್ನು ಕಿರಿದು ಮಾಡುತ್ತದೆ ಎನ್ನುವುದು ಅದೇ ವಿಂಗಡಣೆಯಿಂದ ತಿಳಿಯುತ್ತದೆ. ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ: ಮಗುವಿಗೆ ಅಪ್ಪ, ಅಮ್ಮ, ಅಣ್ಣತಮ್ಮಂದಿರ ರಕ್ತವನ್ನು ಹಾಕಿಸಬೇಡಿ. ಪ್ರೀತಿಯಿಂದ ಕೊಟ್ಟ ಆ ರಕ್ತ ಮಗುವಿನ ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿ, ಮುಂದೆ ಅವರದೇ ಮಜ್ಜೆಯನ್ನು ದೇಹ ತಿರಸ್ಕರಿಸುವಂತೆ ಮಾಡಬಹುದು.

ಕಸಿಗೆ ಹತ್ತು ಲಕ್ಷಕ್ಕೂ ಮೀರಿ ಖರ್ಚು ಬರುವುದುಂಟು. ಕೋಲ್ ಇಂಡಿಯಾ ಕಂಪನಿಯ ನೆರವಿನಿಂದ ಕೇಂದ್ರ ಆರೋಗ್ಯ ಸಚಿವಾಲಯ 2017ರಿಂದ ನಡೆಸುತ್ತಿರುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 10 ಲಕ್ಷ ರೂಪಾಯಿಗಳವರೆಗೆ ನೆರವು ಸಿಗುತ್ತದೆ. ಅದಕ್ಕೆ ವಯಸ್ಸಿನ ಮತ್ತು ಆದಾಯದ ಮಿತಿಗಳಿವೆ. ಹಣಕ್ಕಿಂತ ಕಷ್ಟವಾದದ್ದು ಸಮಯ. ಕಸಿಯ ನಂತರ ತಿಂಗಳುಗಟ್ಟಲೆ ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಂಡಿರಬೇಕು. ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರುವಂಥ ಚಿಕಿತ್ಸೆ ಇದಲ್ಲ. ಒಬ್ಬರ ಕೂಲಿ ನಿಲ್ಲುತ್ತದೆ, ಊರಲ್ಲಿ ಉಳಿದ ಮಕ್ಕಳನ್ನು ಅಜ್ಜಿ ನೋಡಿಕೊಳ್ಳಬೇಕಾಗುತ್ತದೆ. ಇಷ್ಟೆಲ್ಲ ಇದ್ದರೂ, ಹೊಂದುವ ಒಡಹುಟ್ಟು ಇರುವ ಚಿಕ್ಕ ಮಗುವಿಗೆ ನನ್ನ ಸಲಹೆ ಕಸಿಯೇ. ಎಚ್‌ಎಲ್‌ಎ ಪರೀಕ್ಷೆಯನ್ನು ಮಗುವಿಗೆ ಎರಡು ಮೂರು ವರ್ಷವಿದ್ದಾಗಲೇ ಮಾಡಿಸಿ. ದಾನಿ ಹೊಂದದಿದ್ದರೆ ಅರ್ಧ ಹೊಂದುವ ಪೋಷಕರಿಂದ ಕಸಿ ಮಾಡುವ ಕೇಂದ್ರಗಳೂ ಇವೆ, ಆದರೆ ಅಲ್ಲಿ ಅಪಾಯ ಹೆಚ್ಚು. ಅಂಥ ಮನೆಯವರು ರಕ್ತಪೂರಣವನ್ನು ಶಿಸ್ತಿನಿಂದ ಮುಂದುವರಿಸುವುದರಲ್ಲಿ ನಷ್ಟವಿಲ್ಲ.

ಲುಸ್ಪಾಟರ್‌ಸೆಪ್ಟ್ ಎಂಬ ಚುಚ್ಚುಮದ್ದು 2019ರಲ್ಲಿ ಅಮೆರಿಕದಲ್ಲಿ ವಯಸ್ಕರಿಗೆ ಅನುಮತಿ ಪಡೆಯಿತು. ಅದರ ದೊಡ್ಡ ಪ್ರಯೋಗದಲ್ಲಿ ರಕ್ತದ ಅಗತ್ಯ ಮೂರನೇ ಒಂದು ಭಾಗದಷ್ಟಾದರೂ ಕಡಿಮೆಯಾದದ್ದು ನೂರರಲ್ಲಿ ಸುಮಾರು 21 ಮಂದಿಗೆ. ಅದು ರೋಗವನ್ನು ಗುಣಪಡಿಸುವುದಿಲ್ಲ. ಥಾಲಿಡೊಮೈಡ್ ಮಾತ್ರೆಯನ್ನು ಕೆಲವೆಡೆ ಕೊಡುತ್ತಾರೆ. ಅದು ಗರ್ಭದ ಶಿಶುವನ್ನು ವಿಕಲಗೊಳಿಸುವ, ನರಗಳಿಗೆ ಹಾನಿಮಾಡುವ, ರಕ್ತ ಹೆಪ್ಪುಗಟ್ಟಿಸಬಲ್ಲ ಔಷಧಿಯಾದ್ದರಿಂದ, ರಕ್ತರೋಗ ತಜ್ಞರ ನಿಕಟ ನಿಗಾ ಇಲ್ಲದೆ, ಅದರಲ್ಲೂ ಹದಿಹರೆಯದ ಹೆಣ್ಣುಮಕ್ಕಳಿಗೆ, ಖಂಡಿತ ಬೇಡ.

ಸುದ್ದಿಯಲ್ಲಿರುವ ಜೀನ್ ಚಿಕಿತ್ಸೆಗಳು ಎರಡು. 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಿಂಟೆಗ್ಲೋ ಸರಿಯಾದ ಜೀನನ್ನು ವೈರಸ್ಸಿನ ಮೂಲಕ ಕಾಂಡಕೋಶಗಳಿಗೆ, ಅಂದರೆ ರಕ್ತ ತಯಾರಿಸುವ ಮೂಲಕೋಶಗಳಿಗೆ, ಸೇರಿಸುತ್ತದೆ. 2023ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲೂ 2024ರ ಜನವರಿಯಲ್ಲಿ ಥಲಸ್ಸೇಮಿಯಾಕ್ಕಾಗಿ ಅಮೆರಿಕದಲ್ಲೂ ಅನುಮತಿ ಪಡೆದ ಕ್ಯಾಸ್‌ಜೆವಿ, ಕ್ರಿಸ್ಪರ್ ಕತ್ತರಿಯಿಂದ ಬಿಸಿಎಲ್11ಎ ಜೀನಿನ ಒಂದು ಸ್ವಿಚ್ಚನ್ನು ಕತ್ತರಿಸಿ, ಹುಟ್ಟಿದ ಮೇಲೆ ನಿಂತುಹೋಗುವ ಭ್ರೂಣದ ಹಿಮೋಗ್ಲೋಬಿನ್ನನ್ನು ಮತ್ತೆ ತಯಾರಾಗುವಂತೆ ಮಾಡುತ್ತದೆ. ಫಲಿತಾಂಶ ನಿಜಕ್ಕೂ ಒಳ್ಳೆಯದು: ಸಾಕಷ್ಟು ಕಾಲ ಗಮನಿಸಲಾದ 35 ಮಂದಿಯಲ್ಲಿ 32 ಮಂದಿ ಕನಿಷ್ಠ ಒಂದು ವರ್ಷ ರಕ್ತವಿಲ್ಲದೆ ಕಳೆದರು. ಆದರೆ ಆ ಅನುಮತಿ ಸಿಕ್ಕದ್ದು 12 ವರ್ಷ ತುಂಬಿದವರಿಗೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 22 ಲಕ್ಷ ಡಾಲರ್, ನಮ್ಮ ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಸುದ್ದಿಯಲ್ಲಿ ಬಾರದ ಇನ್ನೊಂದು ಸಂಗತಿಯೆಂದರೆ, ಇಲ್ಲಿಯೂ ಕಸಿಯಂತೆಯೇ ಬುಸಲ್ಫಾನ್ ಎಂಬ ಕಟುವಾದ ಕೀಮೋ ಔಷಧಿಯಿಂದ ಹಳೆಯ ಮಜ್ಜೆಯನ್ನು ಖಾಲಿ ಮಾಡಲೇಬೇಕು, ಅದರಿಂದ ಮುಂದೆ ಮಕ್ಕಳಾಗದಿರುವ ಅಪಾಯವೂ ಇದೆ. ಬೇರೆಯವರ ಮಜ್ಜೆ ದೇಹದ ಮೇಲೆ ತಿರುಗಿಬೀಳುವ ಭಯ ಇಲ್ಲಿಲ್ಲ, ಅದು ದೊಡ್ಡ ಲಾಭ. ಆದ್ದರಿಂದ ದಾನಿ ಇರುವ ನಾಲ್ಕು ವರ್ಷದ ಮಗುವನ್ನು ಹನ್ನೆರಡರವರೆಗೆ ಕಾಯಿಸುವುದು ತಪ್ಪು ಲೆಕ್ಕ. ದಾನಿ ಇಲ್ಲದ ಮಗುವಿನ ಮಟ್ಟಿಗೆ ಕಾಯುವುದೆಂದರೆ ಯಕೃತ್ತು ಹೃದಯಗಳನ್ನು ಕಬ್ಬಿಣದಿಂದ ಉಳಿಸಿಕೊಂಡು ಕಾಯುವುದು.

ಹಿಮೋಫಿಲಿಯಾ: ಮೊದಲ ಆಯ್ಕೆ ಔಷಧಿಯದ್ದಲ್ಲ, ವಿಧಾನದ್ದು

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಫ್ಯಾಕ್ಟರ್ ಎನ್ನುತ್ತಾರೆ. ಹಿಮೋಫಿಲಿಯಾ ಎ ಎಂದರೆ ಫ್ಯಾಕ್ಟರ್ 8ರ ಕೊರತೆ, ಬಿ ಎಂದರೆ ಫ್ಯಾಕ್ಟರ್ 9ರ ಕೊರತೆ. ಫ್ಯಾಕ್ಟರ್ ಶೇಕಡ 1ಕ್ಕಿಂತ ಕಡಿಮೆ ಇದ್ದರೆ ತೀವ್ರ. ನಮ್ಮ ಕಡೆ ಇಂದಿಗೂ ಹೆಚ್ಚಿನ ಮಕ್ಕಳಿಗೆ ಮೊಣಕಾಲು ಊದಿದ ಮೇಲೆ ಫ್ಯಾಕ್ಟರ್ ಹಾಕಿಸುತ್ತಾರೆ. ಹಾಗೆ ಪ್ರತಿ ಸಲ ಕೀಲಿನೊಳಗೆ ರಕ್ತ ಸುರಿದಾಗಲೂ ಮೃದ್ವಸ್ಥಿ ಸವೆದು, ಹದಿನೈದು ವರ್ಷಕ್ಕೆ ಹುಡುಗ ಕುಂಟುತ್ತಾನೆ. ಇದಕ್ಕೆ ಬದಲಾಗಿ ರಕ್ತಸ್ರಾವವಾಗುವ ಮುನ್ನವೇ ನಿಯಮಿತವಾಗಿ ಫ್ಯಾಕ್ಟರ್ ಕೊಡುವುದೇ ಸರಿಯಾದ ಚಿಕಿತ್ಸೆ ಎಂದು ವಿಶ್ವ ಹಿಮೋಫಿಲಿಯಾ ಒಕ್ಕೂಟದ 2020ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಶ್ರೀಮಂತ ದೇಶಗಳಲ್ಲಿ ಕಿಲೋ ತೂಕಕ್ಕೆ 25ರಿಂದ 40 ಯೂನಿಟ್, ವಾರಕ್ಕೆ ಮೂರು ಸಲ ಕೊಡುತ್ತಾರೆ. 20 ಕಿಲೋ ಮಗುವಿಗೆ ವಾರಕ್ಕೆ 1500ರಿಂದ 2400 ಯೂನಿಟ್ ಬೇಕಾಗುತ್ತದೆ. ಅದೇ ಮಗುವಿಗೆ 250 ಯೂನಿಟ್‌ನ ಒಂದೊಂದು ಬಾಟಲಿಯನ್ನು ವಾರಕ್ಕೆ ಎರಡು ಮೂರು ಸಲ ಕೊಟ್ಟರೆ 500ರಿಂದ 750ರಲ್ಲಿ ಮುಗಿಯುತ್ತದೆ. ಈ ಕಡಿಮೆ ಪ್ರಮಾಣದ ವಿಧಾನ ಪೂರ್ತಿ ರಕ್ಷಣೆ ಕೊಡದಿದ್ದರೂ, ಊದಿದ ಮೇಲೆ ಓಡುವುದಕ್ಕಿಂತ ಬಹಳ ಮೇಲು. ಸರ್ಕಾರಿ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಸಿಗುತ್ತಿರುವವರು ಹೊಸ ಔಷಧಿಯ ಮಾತಿಗಿಂತ ಮೊದಲು ಈ ವಿಧಾನವನ್ನು ಕೇಳಬೇಕು.

ಮಗುವಿಗೆ ಬೇಕಾದ ಫ್ಯಾಕ್ಟರನ್ನು ಯಾವುದರಿಂದ ತಯಾರಿಸಿದ್ದಾರೆ ಎಂಬುದು ಅಷ್ಟು ಮುಖ್ಯವಲ್ಲ. ಪ್ಲಾಸ್ಮಾದಿಂದ ತೆಗೆದದ್ದಾಗಲಿ, ಪ್ರಯೋಗಾಲಯದಲ್ಲಿ ತಯಾರಿಸಿದ್ದಾಗಲಿ, ವೈರಸ್ ನಾಶಪಡಿಸಿದ್ದಾಗಿದ್ದರೆ ಸಾಕು. ಆದರೆ ತೀವ್ರ ಎ ಇರುವವರಲ್ಲಿ ನೂರಕ್ಕೆ ಸುಮಾರು 30 ಮಂದಿಯ ದೇಹ ಫ್ಯಾಕ್ಟರಿನ ವಿರುದ್ಧವೇ ಪ್ರತಿಕಾಯ ಬೆಳೆಸುತ್ತದೆ. ಇನ್ಹಿಬಿಟರ್ ಎನ್ನುವ ಇದನ್ನು ಪರೀಕ್ಷಿಸದೆ ಬಾಟಲಿಯ ಮೇಲೆ ಬಾಟಲಿ ಹಾಕುವುದು ವ್ಯರ್ಥ.

ಎಮಿಸಿಜುಮಾಬ್ ಎಂಬ ಚುಚ್ಚುಮದ್ದು ಈ ಚಿತ್ರವನ್ನೇ ಬದಲಿಸಿದೆ. ಅದು ಫ್ಯಾಕ್ಟರ್ ಅಲ್ಲ. ಫ್ಯಾಕ್ಟರ್ 8ರ ಕೆಲಸವನ್ನು ಅನುಕರಿಸುವ ಪ್ರತಿಕಾಯ. 2017ರಲ್ಲಿ ಇನ್ಹಿಬಿಟರ್ ಇದ್ದವರಿಗೂ, 2018ರಲ್ಲಿ ಇಲ್ಲದವರಿಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ದೇಹದಲ್ಲಿ ಫ್ಯಾಕ್ಟರ್ 8 ಸುಮಾರು 12 ಗಂಟೆಗಳಲ್ಲಿ ಅರ್ಧಕ್ಕೆ ಇಳಿದರೆ, ಇದು ಅರ್ಧವಾಗಲು ಸುಮಾರು ಒಂದು ತಿಂಗಳು ಬೇಕು. ಮೊದಲ ನಾಲ್ಕು ವಾರಗಳ ನಂತರ, 20 ಕಿಲೋ ಮಗುವಿಗೆ ಎರಡು ವಾರಕ್ಕೊಮ್ಮೆ 60 ಮಿಲಿಗ್ರಾಂ, ಇನ್ಸುಲಿನ್ನಿನಂತೆ ಚರ್ಮದಡಿಗೆ. ನರ ಹುಡುಕಲು ಮಗುವನ್ನು ನಾಲ್ಕು ಜನ ಹಿಡಿದುಕೊಳ್ಳುವ ಪಾಡು ತಪ್ಪುವುದೇ ಹಳ್ಳಿಯ ತಾಯಿಗೆ ದೊಡ್ಡದು. ನಾಲ್ಕು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಇದು ಹಿಮೋಫಿಲಿಯಾ ಬಿ ಇರುವವರಿಗೆ ಕೆಲಸ ಮಾಡುವುದಿಲ್ಲ. ಪೆಟ್ಟು ಬಿದ್ದು ರಕ್ತ ಹರಿದಾಗ ಇದು ಸಾಲದು, ಫ್ಯಾಕ್ಟರನ್ನೇ ಕೊಡಬೇಕು. ಇನ್ಹಿಬಿಟರ್ ಇರುವವರಿಗೆ ಫೀಬಾ ಎಂಬ ಔಷಧಿಯನ್ನು ಇದರ ಜೊತೆ ಕೊಟ್ಟರೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ನಾಲ್ಕನೆಯದಾಗಿ, ಇದನ್ನು ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಎಪಿಟಿಟಿ ಪರೀಕ್ಷೆ ಸುಳ್ಳಾಗಿ ಸಹಜವೆಂದು ಬರುತ್ತದೆ. ತಾಲ್ಲೂಕು ಪ್ರಯೋಗಾಲಯದ ಆ ವರದಿ ನೋಡಿ ಹಲ್ಲು ಕೀಳಿಸಿಕೊಂಡರೆ ಅನಾಹುತ.

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ದೇಹದ ಬ್ರೇಕುಗಳನ್ನೇ ಸಡಿಲಿಸುವ ಔಷಧಿಗಳೂ ಬಂದಿವೆ: 2024ರಲ್ಲಿ ಮಾರ್‌ಸ್ಟಾಸಿಮಾಬ್, ಕಾನ್ಸಿಜುಮಾಬ್, 2025ರಲ್ಲಿ ಫಿಟುಸಿರಾನ್ ಅಮೆರಿಕದಲ್ಲಿ ಅನುಮತಿ ಪಡೆದವು. ಬಿ ಇರುವವರಿಗೂ ಇವು ಒದಗುವುದರಿಂದ ಆ ಕುಟುಂಬಗಳು ಇವುಗಳ ಮೇಲೆ ಕಣ್ಣಿಡಬೇಕು.

ಜೀನ್ ಚಿಕಿತ್ಸೆಯಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ, ಅವನ್ನು ಒಂದೇ ಎಂದು ತಿಳಿಯಬಾರದು. ಪಶ್ಚಿಮದಲ್ಲಿ ಮಾರಾಟಕ್ಕೆ ಬಂದ ಹೆಮ್‌ಜೆನಿಕ್ಸ್, ರಾಕ್ಟೇವಿಯನ್‌ಗಳು ಎಎವಿ ಎಂಬ ವೈರಸ್ಸಿನ ಮೇಲೆ ಜೀನನ್ನು ಹೊರಿಸಿ ಯಕೃತ್ತಿಗೆ ಕಳಿಸುತ್ತವೆ. ಒಂದೇ ಡ್ರಿಪ್, ಕೀಮೋ ಬೇಕಿಲ್ಲ. ಆದರೆ ಒಮ್ಮೆ ತೆಗೆದುಕೊಂಡರೆ ಆ ವೈರಸ್ಸಿನ ವಿರುದ್ಧ ಪ್ರತಿಕಾಯ ಬೆಳೆದು ಎರಡನೇ ಸಲ ಕೊಡಲು ಆಗುವುದಿಲ್ಲ, ರಾಕ್ಟೇವಿಯನ್ನಿನಲ್ಲಿ ಫ್ಯಾಕ್ಟರ್ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಮಕ್ಕಳ ಯಕೃತ್ತು ಬೆಳೆಯುತ್ತಲೇ ಇರುವುದರಿಂದ ಇವು ವಯಸ್ಕರಿಗೆ ಮಾತ್ರ. ಹೆಮ್‌ಜೆನಿಕ್ಸ್‌ನ ಬೆಲೆ ಬಿಡುಗಡೆಯಾದಾಗ 35 ಲಕ್ಷ ಡಾಲರ್. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದೇ ಬಗೆಯ ಮತ್ತೊಂದು ಚಿಕಿತ್ಸೆಯನ್ನು ಫೈಜರ್ ಕಂಪನಿ 2025ರಲ್ಲಿ ಕೈಬಿಟ್ಟಿತು ಎಂಬುದನ್ನೂ ನೆನಪಿನಲ್ಲಿಡಬೇಕು.

ವೆಲ್ಲೂರಿನ ದಾರಿ ಬೇರೆ, ಮತ್ತು ನನಗೆ ಹೆಚ್ಚು ಭರವಸೆ ಇರುವುದು ಅದರಲ್ಲಿ. ಸಿಎಂಸಿಯ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ, ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು, ಲೆಂಟಿವೈರಸ್ ಮೂಲಕ ಫ್ಯಾಕ್ಟರ್ 8ರ ಜೀನನ್ನು ಸೇರಿಸಿ ಮರಳಿ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ವರದಿಯಂತೆ 22ರಿಂದ 41 ವರ್ಷದ ಐವರು ತೀವ್ರ ರೋಗಿಗಳಲ್ಲಿ, ಎಲ್ಲರ ಅವಧಿ ಕೂಡಿಸಿದರೆ 81 ತಿಂಗಳಲ್ಲಿ, ಒಂದೂ ರಕ್ತಸ್ರಾವ ಆಗಲಿಲ್ಲ. ಎಎವಿ ಪ್ರತಿಕಾಯ ಇರುವವರಿಗೂ ಇದು ಸಾಧ್ಯ, ಕಾಂಡಕೋಶಗಳು ಜೀವನವಿಡೀ ಇರುವುದರಿಂದ ಪರಿಣಾಮ ಉಳಿಯಬಹುದೆಂಬ ನಿರೀಕ್ಷೆಯಿದೆ. ಆದರೆ ಐದು ಎಂದರೆ ಐದೇ ಜನ, ಮತ್ತು ಇಲ್ಲಿ ಕೀಮೋ ತಪ್ಪದು. ನನ್ನ ಅಕ್ಕನ ಮಗನಿಗೆ ಈಗ ಹದಿನಾಲ್ಕು. ಅವನ ಕೀಲುಗಳನ್ನು ಇಂದು ಉಳಿಸಿಕೊಂಡರೆ ಮಾತ್ರ, ಮುಂದೆ ಇಂಥ ಚಿಕಿತ್ಸೆ ಕೈಗೆಟುಕಿದಾಗ ಅದರಿಂದ ಅವನಿಗೆ ಪ್ರಯೋಜನ. ಸವೆದ ಮೊಣಕಾಲನ್ನು ಯಾವ ಜೀನೂ ಸರಿಮಾಡುವುದಿಲ್ಲ.

ಅವನಿಗೆ ಮೂರು ವರ್ಷವಿದ್ದಾಗ ಒಂದು ಆಸ್ಪತ್ರೆಯಲ್ಲಿ, ರೋಗ ಹೇಳಿದ ಮೇಲೂ, ಜ್ವರಕ್ಕೆಂದು ತೊಡೆಯ ಸ್ನಾಯುವಿಗೆ ಚುಚ್ಚುಮದ್ದು ಹಾಕಿದರು. ತೊಡೆ ಕಪ್ಪಾಗಿ ಊದಿ ಹನ್ನೆರಡು ದಿನ ನಡೆಯಲಿಲ್ಲ. ಅಂದಿನಿಂದ ಅಕ್ಕ ಅವನ ಶಾಲಾ ಚೀಲದಲ್ಲಿ ಕನ್ನಡದಲ್ಲಿ ಬರೆದ ಚೀಟಿ ಇಟ್ಟಿದ್ದಾಳೆ: ಸ್ನಾಯುವಿಗೆ ಚುಚ್ಚುಮದ್ದು ಬೇಡ, ಆಸ್ಪಿರಿನ್ ಬೇಡ, ತಲೆಗೆ ಪೆಟ್ಟಾದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಘಗಳ ಸಂಪರ್ಕದಲ್ಲಿರುವ ಮನೆಗಳು ಇಂಥದ್ದನ್ನು ಬೇಗ ಕಲಿಯುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ರೋಗಗಳು ಸೇರಿರುವುದರಿಂದ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ.

ಕೊನೆಯದಾಗಿ ಮನೆಯ ಉಳಿದವರ ಪರೀಕ್ಷೆ. ಥಲಸ್ಸೇಮಿಯಾ ಮಗು ಇರುವ ಮನೆಯಲ್ಲಿ ಅತ್ತೆ, ಮಾವ, ಚಿಕ್ಕಪ್ಪಂದಿರ ಮಕ್ಕಳವರೆಗೆ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ, ಅದು ಶೇಕಡ 3.5 ದಾಟಿದರೆ ವಾಹಕತ್ವದ ಅನುಮಾನ, ಗಡಿಯಲ್ಲಿದ್ದರೆ ಜೀನ್ ಪರೀಕ್ಷೆ. ಸಂಬಂಧ ಗೊತ್ತಾಗುವ ಮುನ್ನವೇ ಮಾಡಿಸಿದರೆ ಮಾತು ಸುಲಭ. ವಾಹಕರಿಬ್ಬರು ಈಗಾಗಲೇ ಮದುವೆಯಾಗಿದ್ದರೆ, ತಮ್ಮ ಜೀನಿನ ದೋಷ ಯಾವುದೆಂದು ಮೊದಲೇ ಗುರುತಿಸಿಕೊಂಡಿರಬೇಕು. ಆಗ ಗರ್ಭ ನಿಂತ 11ನೇ ವಾರದ ಸುಮಾರಿಗೆ ಜರಾಯುವಿನ (ಮಾಸಿನ) ಅಂಗಾಂಶ ತೆಗೆದು ಮಗುವಿನ ಸ್ಥಿತಿ ತಿಳಿಯಬಹುದು. ಮೂರನೇ ತಿಂಗಳು ಮುಗಿದ ಮೇಲೆ ಬಂದು ಕೇಳುವವರಿಗೆ ಆಮ್ನಿಯಾಟಿಕ್ ದ್ರವದ ಪರೀಕ್ಷೆಗೆ 16ನೇ ವಾರದವರೆಗೆ ಕಾಯಬೇಕಾಗುತ್ತದೆ, ಆ ಕಾಯುವಿಕೆಯ ಸಂಕಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.